ಥರ್ಮನ್ನರ ಖಾಲಿ ಕುರ್ಚಿ

ಮಿಸಿಸಿಪ್ಪಿಯ ನಮ್ಮೂರ ಕಾಲೇಜಿನ ಬೇಸ್‌ಬಾಲ್ ಮೈದಾನದಲ್ಲಿ ಪ್ರತಿವರ್ಷವೂ ನಮಗೆ ಅಕ್ಕಪಕ್ಕದ ಎರಡು ಕುರ್ಚಿ ಕಾಯಂ. ಒಂದರಲ್ಲಿ ನಾನು ಕೂರುತ್ತೇನೆ. ಇನ್ನೊಂದು ಖಾಲಿ, ಏಕೆಂದರೆ ನನ್ನ ಗಂಡ ಥರ್ಮನ್ ದೂರದ ಬೇಲಿಯಾಚೆ ಡೆಲ್ಬರ್ಟ್ ಮತ್ತಿತರ ಗೆಳೆಯರೊಡನೆ ಸಾಸೇಜ್ ಸುಡುತ್ತಾ ಆಟ ನೋಡುತ್ತಾರೆ.

ಟಿಕೆಟ್ ಇದ್ದೂ ಬಾರದವರ ಕುರ್ಚಿಯನ್ನು ಮುಂದಿನ ವರ್ಷ ಬೇರೆಯವರಿಗೆ ಕೊಡುತ್ತೇವೆಂದು ಕಾಲೇಜಿನವರು ಈ ವಸಂತದಲ್ಲಿ ತಿಳಿಸಿದರು. ನನ್ನ ಪಕ್ಕದಲ್ಲಿ ಇನ್ಯಾರೋ ಬಂದು ಕೂರುವುದನ್ನು ನೆನೆದು ನನಗೆ ಊಟವೇ ಸೇರಲಿಲ್ಲ. ಮುಂದಿನ ಆಟಕ್ಕೆ ಥರ್ಮನ್ನರನ್ನು ಎಳೆದುಕೊಂಡು ಬಂದೆ.

"ಇಲ್ಲಿ ಕೂಗಿದ್ರೆ ಎಲ್ರೂ ತಿರುಗಿ ನೋಡ್ತಾರಲ್ಲೇ. ಚರ್ಚಲ್ಲಿ ಕೂತ ಹಾಗಿದೆ," ಎಂದರು.

"ಚರ್ಚಲ್ಲಾಗಿದ್ರೆ ಇಷ್ಟೊತ್ತಿಗೆ ಗೊರಕೆ ಹೊಡೀತಿದ್ರಿ," ಎಂದೆ.

ಆಮೇಲೆ, "ಆ ಡೆಲ್ಬರ್ಟ್ ಸಾಸೇಜೆಲ್ಲ ಇದ್ದಿಲು ಮಾಡಿರ್ತಾನೆ," ಎಂದು ಬೇಲಿಯಾಚೆ ಏಳುತ್ತಿದ್ದ ಹೊಗೆಯನ್ನೇ ನೋಡತೊಡಗಿದರು. ನಮ್ಮ ತಂಡದ ಹುಡುಗ ಹೊಡೆದ ಚೆಂಡು ಎತ್ತ ಹೋಯಿತೆಂದು ಅವರಿಗೆ ಗೊತ್ತೇ ಆಗಲಿಲ್ಲ.

"ಗೇಟಲ್ಲಿ ಟಿಕೆಟ್ ತೋರ್ಸಿ ಆಯ್ತಲ್ಲ, ಕಾಲೇಜಿನವ್ರಿಗೆ ಅಷ್ಟೇ ಸಾಕು. ಎದ್ದೋಗಿ ಇನ್ನು," ಎಂದೆ.

"ನಿಂಗೆ ಬೇಜಾರಿಲ್ವೇನೆ?"

"ನೀವು ಇಲ್ಲಿ ಕೂತು ಅಲ್ಲಿಗೆ ಬಾಯಿ ಬಿಡೋದನ್ನ ನೋಡೋದೇ ಬೇಜಾರು."

ಈಗ ಪ್ರತಿ ಆಟಕ್ಕೂ ಥರ್ಮನ್ ಬರುತ್ತಾರೆ. ಆಟದ ಒಂಬತ್ತು ಸರದಿಗಳಲ್ಲಿ ಮೊದಲನೆಯದು ಮುಗಿಯುವವರೆಗೆ ಕೂತು, ನನ್ನ ಕೈ ಒತ್ತಿ ಹೊರಡುತ್ತಾರೆ. ಆಮೇಲೆ ಯಾರಾದರೂ ಬಂದು ಕುರ್ಚಿ ಖಾಲಿ ಇದೆಯೇ ಎಂದು ಕೇಳಿದರೆ ನಾನು ಧೈರ್ಯವಾಗಿ ಹೇಳುತ್ತೇನೆ:

"ಇಲ್ಲಪ್ಪ, ಅಲ್ಲಿ ನಮ್ಮನೆಯವ್ರು ಕೂತಿದಾರೆ."