ಹಳೇ ನೀರು

ಪರಮೇಶ್ವರಿ ಹಂಡೆಯನ್ನು ಎಳೆದು ತಂದು ಅಂಗಳಕ್ಕೆ ಬಗ್ಗಿಸಿದರು. ಕೊಡಪಾನ, ಬಕೆಟ್, ಬಚ್ಚಲಿನ ಡ್ರಮ್ಮು ಆಗಲೇ ಖಾಲಿಯಾಗಿದ್ದವು. ಅವರ ತಮ್ಮ ತ್ಯಾಂಪಣ್ಣನ ಹೆಣವನ್ನು ಗಂಡಸರು ಎತ್ತಿಕೊಂಡು ಹೋಗಿ ಸ್ವಲ್ಪ ಹೊತ್ತಾಗಿತ್ತು. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ಅದು ಅವರ ಅಜ್ಜಿಯ ಕಾಲದ ಕಟ್ಟಳೆ.

ಕೈ ಒರೆಸಿಕೊಂಡು ಒಳಗೆ ಬಂದವರು ಗಾಜಿನ ತೊಟ್ಟಿಯ ಮುಂದೆ ನಿಂತರು. ಗೇಣಿಗಿಂತ ಉದ್ದದ ಕಪ್ಪು ಆಸ್ಕರ್ ಮೀನು, ಮೈಮೇಲೆ ಕೆಂಡದ ಬಣ್ಣದ ಗೆರೆಗಳು. ಜನ ಕಂಡದ್ದೇ ತಿನ್ನಲು ಕೊಡಿ ಎಂದು ಬಾಯಿ ತೆರೆಯಿತು.

"ಇದರಲ್ಲಿರುದೂ ನೀರೇ ಅಲ್ವಾ? ಹೆಣ ಮಲಗಿಸಿದ್ದೂ ಇದರ ಬುಡದಲ್ಲೇ. ಚೆಲ್ಬೇಕು."

ಬಾಗಿಲ ಬಳಿ ಕೂತಿದ್ದ ಕಬೀರ್ ಎದ್ದ. ತ್ಯಾಂಪಣ್ಣ ಕಂಡಕ್ಟರ್ ಆಗಿದ್ದ ಬಸ್ಸಿನ ಡ್ರೈವರ್ ಅವನು. ಮಂಡಿನೋವಿನಿಂದ ಸ್ಮಶಾನದವರೆಗೆ ನಡೆಯಲಾಗದೆ ಉಳಿದಿದ್ದ. ಮೀನು ಬೆರಳುದ್ದದ ಮರಿಯಾಗಿದ್ದಾಗ ತಂದುಕೊಟ್ಟವನೂ ಅವನೇ.

"ಪೂರ್ತಿ ನೀರು ತೆಗೆದರೆ ಅದು ಬದುಕುದಿಲ್ಲ ಅಕ್ಕ. ವಾರಕ್ಕೆ ಮೂರರಲ್ಲಿ ಒಂದು ಪಾಲು ಬದಲಿಸುದು, ಅಷ್ಟೇ. ಹಳೇ ನೀರಲ್ಲೇ ಅದರ ಜೀವ ಇರುದು."

"ಮನುಷ್ಯನೇ ಹೋದ. ಮೀನಿಗೆ ಎಂತ ಉಪಚಾರ ಮಾರಾಯ್ರೆ?"

ಕಬೀರ್ ತ್ಯಾಂಪಣ್ಣನ ಹೆಂಡತಿಯ ಮುಖ ನೋಡಿದ. ಗೋಡೆಗೆ ಒರಗಿ ಕೂತಿದ್ದ ಸೀತು, "ಪೈಪ್ ಹಾಕಿ ಕಬೀರಣ್ಣ," ಎಂದಳು.

ಸುಳ್ಳೇಕೆ, ಅವಳಿಗೆ ಹಗುರವಾಯಿತು. ಗಂಡ ಹೋದ ದಿನ ಹಗುರವಾಗುವುದು ನಾಚಿಕೆಗೇಡು ಎಂದು ಗೊತ್ತಿದ್ದೂ ಹಗುರವಾಯಿತು. ಕೊಲ್ಲುವ ಪಾಪ ಅವಳದಲ್ಲ, ಕಟ್ಟಳೆಯದು.

*

ದಿನವಿಡೀ ಪುತ್ತೂರು ಬೆಳ್ಳಾರೆಯ ನಡುವೆ ಊರೂರಿನ ಹೆಸರು ಕೂಗುತ್ತಿದ್ದ ತ್ಯಾಂಪಣ್ಣ ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮಾತೆಲ್ಲ ಬಸ್ಸಲ್ಲೇ ಖರ್ಚಾಗ್ತದೆ ಎಂದು ಸೀತು ನೆರೆಯವರೊಡನೆ ನಗುತ್ತಿದ್ದಳು. ಒಳಗೊಳಗೆ ಉರಿಯುತ್ತಿತ್ತು. ಊಟ ಮುಗಿಸಿ ಅವನು ತೊಟ್ಟಿಯ ಮುಂದೆ ಕೂತು ಒಂದೊಂದೇ ಸಿಗಡಿ ಹಾಕುತ್ತಿದ್ದ. ಸುಲಿದು ಕೊಡುವವಳು ಅವಳು. ದೊಡ್ಡ ಮೀನು; ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ.

ಹೃದಯದ ತೊಂದರೆ ಕಾಣಿಸಿಕೊಂಡು ಅವನು ಕೆಲಸ ಬಿಟ್ಟ. ಭಾರ ಎತ್ತಬೇಡಿ ಎಂದರು ಡಾಕ್ಟರು. ಭಾನುವಾರ ತೊಟ್ಟಿಯ ನೀರು ಬದಲಿಸುವ ಬಕೆಟ್‌ಗಳು ಸೀತುವಿನ ಸೊಂಟಕ್ಕೆ ಬಿದ್ದವು.

"ಇದನ್ನು ಯಾರಿಗಾದ್ರೂ ಕೊಡಿ. ನನ್ನಿಂದಾಗುದಿಲ್ಲ."

"ನೋಡುವ," ಎನ್ನುತ್ತಿದ್ದ. ನೋಡುತ್ತಲೇ ಇದ್ದ, ಮೀನನ್ನು.

*

ಪೈಪಿನ ನೀರು ಅಂಗಳದ ಬಾಳೆಬುಡಕ್ಕೆ ಹರಿಯಿತು. ತೊಟ್ಟಿ ಅರ್ಧಕ್ಕಿಂತ ಕೆಳಗಿಳಿಯಿತು. ಬೆನ್ನಿನ ರೆಕ್ಕೆ ಗಾಳಿಗೆ ತಾಗಿದ್ದೇ ಮೀನು ಮಗ್ಗುಲಿಗೆ ವಾಲಿ ಬಾಲ ಬಡಿಯಿತು.

ಸೀತು ಎದ್ದು ಬಂದು ಪೈಪನ್ನು ಎಳೆದು ತೆಗೆದಳು. ಒರೆಸಿದ ನೆಲ ಮತ್ತೆ ಒದ್ದೆಯಾಯಿತು.

"ಇನ್ನೂ ಉಂಟಲ್ಲ ಸೀತು," ಎಂದರು ಪರಮೇಶ್ವರಿ.

"ಸಾಕು ಅತ್ತಿಗೆ."

"ಸೂತಕದ ನೀರು ಮಾರಾಯ್ತಿ!"

"ಸೂತಕ ನನಗೂ ಉಂಟಲ್ಲ? ನನ್ನನ್ನು ಎಲ್ಲಿ ಚೆಲ್ಲುದು?"

ಸೀತು ಬಕೆಟ್ ಎತ್ತಿಕೊಂಡಳು.

"ಒಮ್ಮೆಲೇ ತುಂಬಿಸ್ಬೇಡಿ," ಕಬೀರ್ ಮೆಲ್ಲನೆ ಹೇಳಿದ. "ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಕೊಡಿ, ನಾನು ತರ್ತೇನೆ."

ಅವಳು ಕೊಡಲಿಲ್ಲ.

*

ಮೀನು ವಾಲಿದಾಗ ಅವಳಿಗೆ ನೆನಪಾದದ್ದು ಹೋದ ಭಾನುವಾರ. ಅವಳು ಬಾವಿಯಿಂದ ನೀರು ಹೊರುತ್ತಿದ್ದಳು, ಅವನು ಜಗಲಿಯಲ್ಲಿ ಕೂತಿದ್ದ. ಬಕೆಟ್‌ಗೊಂದು ಊರು. "ದರ್ಬೆ, ದರ್ಬೆ! ಇಳಿಯುವವರು ಮುಂದೆ ಬನ್ನಿ!" ಮುಂದಿನದಕ್ಕೆ ನರಿಮೊಗರು, ಆಮೇಲೆ ಸವಣೂರು. ಅವಳು ನೀರು ಸುರಿದ ಕೂಡಲೇ "ರೈಟ್, ರೈಟ್!"

"ಟಿಕೆಟ್ ಆಯ್ತಾ ಅಮ್ಮಾ?"

"ಪಾಸ್ ಉಂಟು," ಎಂದಳು ಅವಳು, ಬೈಯುವ ದನಿಯಲ್ಲೇ.

ಕೆಲಸ ಬಿಟ್ಟ ಮೇಲೆ ಅವನ ಆ ಸ್ವರ ಕೇಳುತ್ತಿದ್ದುದು ಅವಳೊಬ್ಬಳಿಗೆ, ಅದೂ ನೀರು ಹೊರುವಾಗ ಮಾತ್ರ.

ಕೊನೆಯ ಬಕೆಟ್ ಬೆಳ್ಳಾರೆಯದು. ಅವಳು ಮೆಟ್ಟಿಲವರೆಗೆ ಬಂದಳು. ಅವನು ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ತಡೆ ಎಂದು ಕಣ್ಣಲ್ಲೇ ಹೇಳಿದ. ಬಕೆಟ್ ಕೆಳಗಿಡಬಹುದಿತ್ತು. ಆದರೆ ಕಂಡಕ್ಟರ್ ಊರು ಕೂಗದೆ ಇಳಿಯುವುದು ಹೇಗೆ? ಅವನಿಗೆ ಉಸಿರು ತಿರುಗಿ ಬರುವ ತನಕ, ತುಂಬಿದ ಬಕೆಟ್ ಹಿಡಿದುಕೊಂಡೇ ಅವಳು ಮೆಟ್ಟಿಲ ಕೆಳಗೆ ನಿಂತಳು.