ಹಸಿ ಪ್ಲಾಸ್ಟರಿನ ಬಿಸಿ

"ಬಿಚ್ರಿ ಇದನ್ನ! ಒಳಗ ಸುಡಾಕತ್ತೈತಿ!"

ತಾಂಬಾ ಊರಿನ ಕುರಿಗಾರ ಕಾಳಪ್ಪನ ಕೂಗಿಗೆ ಇಂಡಿ ಪಟ್ಟಣದ ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ಕೂತವರೆಲ್ಲ ಬಾಗಿಲಲ್ಲಿ ಇಣುಕಿದರು. ಟಗರು ಗುದ್ದಿ ಬಲ ಮುಂಗೈ ಮುರಿದರೂ ಹಲ್ಲು ಕಚ್ಚಿಕೊಂಡು ಟೆಂಪೋ ಹತ್ತಿ ಬಂದ ಗಟ್ಟಿಗ ಇವನೇ. ಡಾಕ್ಟರು ಎಲುಬು ಎಳೆದು ಕೂಡಿಸಿದಾಗಲೂ ಕಮಕ್ ಕಿಮಕ್ ಅನ್ನಲಿಲ್ಲ. ಈಗ ನೋಡಿದರೆ, ಅವರು ಹಸಿ ಪ್ಲಾಸ್ಟರ್ ಸುತ್ತಿ ಆಚೆ ಹೋದದ್ದೇ ತಡ, ಎಡಗೈಯಿಂದ ಅದನ್ನು ಕೀಳಲು ಹೊರಟಿದ್ದ.

ನರ್ಸ್ ರೇಣುಕಾ ಓಡಿ ಬಂದಳು. "ಕಾಕಾ, ಕೈ ತಗೀರಿ! ಎಲುಬು ಸರದ್ರ ಕೈ ಸೊಟ್ಟ ಆಕ್ಕೈತಿ. ಕುರಿ ಹಿಡಿಯೂದು ಒತ್ತಟ್ಟಿಗಿರ್ಲಿ, ರೊಟ್ಟಿ ಮುರಿಯಾಕೂ ಬರೂದಿಲ್ಲ. ಸುಣ್ಣದ ಕಲ್ಲಿಗೆ ನೀರು ಸುರುವಿದ್ರ ಕುದಿಯೂದಿಲ್ಲೇನ್ರಿ? ಇದೂ ಅಂಥಾದ್ದ. ನೀರು ಕುಡದು ಗಟ್ಟಿ ಆಗುವಾಗ ಬಿಸಿ ಬಿಡತೈತಿ, ಆಮ್ಯಾಲೆ ತಾನ ಆರತೈತಿ."

"ನಮ್ಮಪ್ಪಗೂ ಹಿಂಗ ಹೇಳಿದ್ರವ್ವಾ."

ಊರಲ್ಲಿ ಬಿದಿರು ದಬ್ಬೆ ಕಟ್ಟಿಸಿಕೊಂಡಿದ್ದ ಅಪ್ಪನ ಕೈ ಪಟ್ಟಿಯೊಳಗೇ ಬಿಸಿಯೇರಿ, ಕೀವಾಗಿ, ಕೊನೆಗೆ ಮೊಣಕೈವರೆಗೆ ಕತ್ತರಿಸಬೇಕಾಗಿತ್ತು. ಅಪ್ಪನ ಅಂಗಿಯ ಖಾಲಿ ತೋಳು ನೋಡುತ್ತಲೇ ಬೆಳೆದ ಕಾಳಪ್ಪನಿಗೆ ಈಗ ಜೀವ ಹೋಗುವಷ್ಟು ಹೆದರಿಕೆಯಾಗಿತ್ತು.

ಜೊತೆಗೆ ಬಂದಿದ್ದ ಹೆಂಡತಿ ಶೇವಂತೆವ್ವನಿಗೆ ಇದೆಲ್ಲ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಬೈಯದೆ ಬಿಡುವ ಹೆಂಗಸಲ್ಲ. "ಸಾಕ್ ಮಾಡ್ರಿ ನಿಮ್ಮ ಬೊಬ್ಬಿ! ಟಗರಿಗೆ ಅಂಜಲಿಲ್ಲ, ಅರಿವಿ ಪಟ್ಟಿಗೆ ಅಂಜತೀರಿ?" ಎನ್ನುತ್ತ ಮಂಚದ ಮೇಲೆ ಅವನಿಗೆ ಒತ್ತಿ ಕೂತಳು. ಅವನ ಎಡಗೈ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು. ತನ್ನ ಇನ್ನೊಂದು ಅಂಗೈಯನ್ನು ಪ್ಲಾಸ್ಟರಿನ ಮೇಲಿಟ್ಟಳು.

"ಒತ್ತಬ್ಯಾಡ್ರಿ ಕಾಕೂ, ಹಸಿ ಐತಿ," ಅಂದಳು ರೇಣುಕಾ.

"ಒತ್ತೂದಿಲ್ಲ ಬಿಡವ್ವಾ. ಸುಟ್ರ ನನ್ನ ಕೈನೂ ಸುಡ್ಲಿ."

ಕಾಳಪ್ಪ ಎಡಗೈ ಬಿಡಿಸಿಕೊಳ್ಳಲಿಲ್ಲ. ಮೊಮ್ಮಕ್ಕಳನ್ನು ಕಾಣುವಷ್ಟು ವಯಸ್ಸಾದರೂ ಮಂದಿಯ ಮುಂದೆ ಅವರಿಬ್ಬರೂ ಎಂದೂ ಹೀಗೆ ಕೂತವರಲ್ಲ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. "ಏನ್ ನೋಡತೀರಿ, ನಿಮ್ಮ ಮನ್ಯಾಗ ಗಂಡಾ ಹೆಂಡತಿ ಇಲ್ಲೇನು?" ಎಂದು ಶೇವಂತೆವ್ವ ಅವರನ್ನೂ ಗದರಿದಳು. ಅಂಗೈಗೆ ಬಿಸಿ ಏರುತ್ತಲೇ ಇತ್ತು. ಅವಳಿಗೂ ಒಳಗೊಳಗೆ ಪುಕುಪುಕು. ಆದರೂ ಕೈ ತೆಗೆಯಲಿಲ್ಲ. ಎಷ್ಟೋ ಹೊತ್ತಿಗೆ ಬಿಸಿ ಇಳಿಯತೊಡಗಿತು.

ರೇಣುಕಾ ಮತ್ತೆ ಬಂದು ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದಳು. "ಗಟ್ಟಿ ಆಗೈತಿ, ಬಿಸಿನೂ ಪೂರ್ತಿ ಆರೈತಿ. ಕಾಕೂ, ಇನ್ನ ಕೈ ತಗೀರಿ."

ಶೇವಂತೆವ್ವ ಕೈ ಎತ್ತಲು ಹೋದಳು.

"ಇರ್ಲಿ," ಅಂದ ಕಾಳಪ್ಪ, ಗೋಡೆಯ ಕಡೆ ನೋಡುತ್ತ. "ಇನ್ನೂ ಬಿಸಿ ಐತಿ."

ಅವಳು ಅವನ ಮುಖ ನೋಡಿದಳು. ಬೈಯಲು ತೆರೆದ ಬಾಯಿ ಮುಚ್ಚಿ, ತಣ್ಣಗಾದ ಪ್ಲಾಸ್ಟರಿನ ಮೇಲೆ ಕೈ ಹಾಗೇ ಇಟ್ಟುಕೊಂಡು ಕೂತಳು.