ನಡುವಿನ ಅಳತೆ

ನಂದಗುಡಿಯ ಆ ಬೀದಿಯಲ್ಲಿ ದಿನವೂ ಎರಡು ಕೊಡತಿಗಳ ಸದ್ದು ಕೇಳುತ್ತಿತ್ತು. ಹಿತ್ತಲಲ್ಲಿ ಅಕ್ಕಯಮ್ಮನ ಮಾವ ಮುನಿವೆಂಕಟಾಚಾರಿ ಗಾಲಿಗೆ ಹೊಡೆಯುವ ಸದ್ದು ಹತ್ತಿರದ್ದು, ಭಾರವಾದದ್ದು. ಬೀದಿಯ ಆ ತುದಿಯಿಂದ ಬರುವುದು ಸಣ್ಣ ಸದ್ದು. ಎರಡು ಪೆಟ್ಟು ಬಿದ್ದು, ಒಂದು ಗಳಿಗೆ ನಿಂತು, ಮತ್ತೆ ಎರಡು. ಅದು ಅವಳ ಅಪ್ಪ ಪಿಳ್ಳಾಚಾರಿಯದು. ರಾಗಿ ಬೀಸುವಾಗ, ಮಗಳ ತಲೆ ಬಾಚುವಾಗ ಅವಳ ಕಿವಿ ಆ ಕಡೆಗೇ ಇರುತ್ತಿತ್ತು. ಅಪ್ಪನ ಬಗ್ಗೆ ಅವಳಿಗೆ ಸಿಗುತ್ತಿದ್ದ ಸುದ್ದಿ ಅಷ್ಟೇ.

ಇಬ್ಬರೂ ಎತ್ತಿನಗಾಡಿ ಮಾಡುವವರು. ಬೀಗರಾಗುವ ಮೊದಲಿನಿಂದಲೂ ಪೈಪೋಟಿಯವರು. ಅಕ್ಕಯಮ್ಮನ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದಳು. ಅಕ್ಕಯಮ್ಮನ ಮಗಳ ನಾಮಕರಣಕ್ಕೆ ತವರಿನಿಂದ ತೊಟ್ಟಿಲು ಬರಬೇಕಲ್ಲ, ಅಪ್ಪ ತಾನೇ ಹಲಸಿನ ಮರ ಕೊಯ್ದು ತೊಟ್ಟಿಲು ಮಾಡಿ, ತಲೆಯ ಮೇಲೆ ಹೊತ್ತು ತಂದಿದ್ದ. ಮಾವ ಅದನ್ನು ಒಮ್ಮೆ ತೂಗಿ ನೋಡಿ, ನೆಂಟರೆಲ್ಲರ ಎದುರಿಗೆ, "ಒಂದು ಕಡೆ ವಾಲ್ತೈತಲ್ಲ ಬೀಗ್ರೇ" ಎಂದುಬಿಟ್ಟರು. ನಗೆಗೆ ಅಂದದ್ದು. ಅಪ್ಪ ಎಲೆಯ ಮುಂದೆ ಕೂತವನು ಅನ್ನ ಮುಟ್ಟದೆ ಎದ್ದು ಹೋದ. ಆಮೇಲೆ ಆ ಮನೆಗೂ ಈ ಮನೆಗೂ ಮಾತಿಲ್ಲ. ಮಗುವಿಗೆ ಈಗ ಮೂರು ವರ್ಷ. ಗಂಡ ರಾಮಾಂಜಿ ಕೆಟ್ಟವನಲ್ಲ, ಆದರೆ ತಂದೆಯ ಮಾತು ದಾಟುವವನೂ ಅಲ್ಲ.

ಅರವತ್ತೆಂಟರ ಬೇಸಿಗೆಯಲ್ಲಿ ಹೊಸಕೋಟೆಯ ಸಂತೆಗೆ ಟೈರಿನ ಗಾಡಿಗಳು ಬಂದವು. ಹಳೇ ಲಾರಿಯ ಅಚ್ಚು, ರಬ್ಬರಿನ ಗಾಲಿ. ಎತ್ತಿಗೆ ಹಗುರ, ಸದ್ದೂ ಇಲ್ಲ. ಮಾವನ ಹಿತ್ತಲಲ್ಲಿ ಮುಗಿದ ಗಾಡಿಯೊಂದು ಕೊಳ್ಳುವವರಿಲ್ಲದೆ ಬಿಸಿಲಿಗೆ ಬಿರುಕು ಬಿಟ್ಟಿತು. ಆ ತುದಿಯ ಕೊಡತಿಯೂ ಎಷ್ಟೋ ದಿನ ಸುಮ್ಮನಿರುತ್ತಿತ್ತು. ಆಗ ಅಕ್ಕಯಮ್ಮ ಬೀಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಜ್ವರವೋ, ಕೆಲಸವಿಲ್ಲವೋ, ಯಾರನ್ನು ಕೇಳುವುದು?

ಒಂದು ಸಂಜೆ ಟೀ ಅಂಗಡಿಯ ಅಪ್ಪಯ್ಯಣ್ಣ ಪೇಪರು ಹಿಡಿದುಕೊಂಡು ಜಗಲಿಗೇ ಬಂದ.

"ಆಚಾರ್ರೇ, ಕೇಳಿದ್ರಾ? ಇಂಗ್ಲೆಂಡ್ನಾಗೆ ಕಾರು ಮಾಡೋ ಎರಡು ದೊಡ್ಡ ಕಂಪನಿ ಒಂದಾಗ್ಬಿಟ್ವಂತೆ! ನೆನ್ನೆಗಂಟ ಒಬ್ರನ್ನೊಬ್ರು ಕಂಡ್ರೆ ಆಗ್ತಿರ್ಲಿಲ್ಲ."

"ಯಾಕಂತೆ?" ಎಂದರು ಮಾವ, ಅಡಿಕೆ ಕತ್ತರಿಸುತ್ತಾ.

"ಹೊರಗಿಂದ ಬೇರೆಯವ್ರ ಕಾರು ಬಂದು ವ್ಯಾಪಾರ ತಿಂದಾಕ್ತಾವಂತೆ. ಅಂಥಾ ಸಾಹೇಬ್ರೇ ಕೈ ಕೈ ಹಿಡ್ಕೊಂಡವ್ರೆ. ನೀವಿಬ್ರು ಒಂದೇ ಬೀದೀಲಿ ಕೂತ್ಕಂಡು ಮೂತಿ ತಿರುಗಿಸ್ತೀರಲ್ಲ!"

"ಹೋಗಯ್ಯಾ, ಅವ್ರು ತೊಟ್ಟಿಲು ಮಾಡ್ತಾರಾ?" ಎಂದರು ಮಾವ. ಆದರೂ ಆ ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯದೆ ಯೋಚನೆ ಮಾಡುತ್ತಿದ್ದರು. ಅಕ್ಕಯಮ್ಮ ಸಾರು ಬಡಿಸುವ ಸೌಟನ್ನು ಹಿಡಿದೇ ನಿಂತಿದ್ದಳು. ಒಂದಾದರೆ ಅಪ್ಪ ಈ ಮನೆಗೆ ಬರುತ್ತಾನೆ. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಅಪ್ಪಯ್ಯಣ್ಣ ಅತ್ತ ಇತ್ತ ಓಡಾಡಿ, ಇಬ್ಬರೂ ಕೂಡಿ ಗಾಡಿ ಮಾಡಲು ಒಪ್ಪಿಸಿದ. ಒಂದು ಬೆಳಿಗ್ಗೆ ಅಪ್ಪ ಉಳಿಗಳ ಚೀಲ ಹೆಗಲಿಗೆ ಹಾಕಿ ಹಿತ್ತಲಿಗೆ ಬಂದ. ತಲೆ ಪೂರ್ತಿ ನರೆತಿತ್ತು. ಮೊಮ್ಮಗಳನ್ನು ನೋಡಿ, ಜೇಬಿನಿಂದ ಪುಟ್ಟ ಮರದ ಎತ್ತೊಂದನ್ನು ತೆಗೆದು ಅವಳ ಕೈಗಿಟ್ಟ. ಅದರ ಕೊಂಬು ಸವೆದಿತ್ತು. ಬಹಳ ದಿನದಿಂದ ಜೇಬಿನಲ್ಲೇ ಇದ್ದಿರಬೇಕು.

ಕೆಲಸ ಶುರುವಾಗುವ ಮೊದಲೇ ಜಗಳ ಎದ್ದಿತು. ಒಂದೊಂದು ಗಾಡಿಮನೆಗೂ ತಾತನ ಕಾಲದ ಒಂದು ಅಳತೆಕೋಲು ಇರುತ್ತದೆ. ಎರಡು ಗಾಲಿಗಳ ನಡುವೆ ಎಷ್ಟು ಅಂತರ ಎನ್ನುವುದನ್ನು ಹೇಳುವುದು ಅದೇ. ಅಪ್ಪನ ಕೋಲು ಮಾವನದಕ್ಕಿಂತ ನಾಲ್ಕು ಬೆರಳು ಗಿಡ್ಡ.

"ನನ್ನ ಮನೇಲಿ ನನ್ನ ಕೋಲು" ಎಂದರು ಮಾವ.

"ಹಂಗಾದ್ರೆ ನಾನ್ಯಾಕೆ? ಕೂಲಿಗ್ ಬಂದಿದೀನಾ?" ಎಂದ ಅಪ್ಪ. ಚೀಲದ ಬಾಯಿ ಕಟ್ಟತೊಡಗಿದ.

ಅಪ್ಪಯ್ಯಣ್ಣ ನಡುವೆ ಬಂದ. "ಇಬ್ರುದೂ ಬ್ಯಾಡ. ಎರಡರ ಮಧ್ಯಕ್ಕೆ ಹೊಸಾ ಕೋಲು ಮಾಡ್ರಿ. ಟಾರು ರೋಡು ಬಂದೈತೆ, ಇನ್ಯಾವ ಹಳೇ ಲೆಕ್ಕ?"

ಅಕ್ಕಯಮ್ಮ ಬಾಗಿಲಿಂದ ಮೆಲ್ಲಗೆ, "ಮಾವ, ಎರಡು ಕೋಲೂ ಇಟ್ಕೊಂಡು, ಎರಡು ಥರಾ ಗಾಡಿ ಮಾಡ್ಬೋದಲ್ವಾ?" ಎಂದಳು.

"ಆಮೇಲೆ ಒಂದಾಗಿದ್ದೇನು ಬಂತಮ್ಮಾ?" ಎಂದರು ಮಾವ. ಅಪ್ಪನೂ ಅದಕ್ಕೆ ತಲೆಯಾಡಿಸಿದ. ಮೂರು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಎರಡು ಮನೆಗೂ ಸೇರಿದವಳೆಂದು ಹೊಸ ಕೋಲಿಗೆ ಅವಳ ಕೈಯಿಂದಲೇ ಗುರುತು ಹಾಕಿಸಿದರು. ಒದ್ದೆ ಬೆರಳಿಗೆ ಕುಂಕುಮ ಹಚ್ಚಿಕೊಂಡು, ಎರಡು ಕೋಲುಗಳ ತುದಿಗಳ ನಟ್ಟನಡುವೆ ಅವಳು ಒಂದು ಗೆರೆ ಎಳೆದಳು.

ಆಮೇಲಿನ ದಿನಗಳು ಅವಳಿಗೆ ಹಬ್ಬ. ಮಾವನದು ಗಾಲಿ, ಅಪ್ಪನದು ಅಚ್ಚು. ಎರಡು ಕೊಡತಿಗಳ ಸದ್ದೂ ಒಂದೇ ಹಿತ್ತಲಿನಿಂದ. ಮಧ್ಯಾಹ್ನ ಅಪ್ಪ ಕೈ ತೊಳೆದು ಬೇವಿನ ಮರದ ಕೆಳಗೆ ಕೂರುತ್ತಿದ್ದ. ಅವಳು ಮುದ್ದೆ ಇಟ್ಟು, ಹುರುಳಿಸಾರು ಬಿಟ್ಟು, ಅವನು ಉಣ್ಣುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು.

"ನೀನು ಉಂಡ್ಯಾ?" ಎಂದು ದಿನವೂ ಕೇಳುತ್ತಿದ್ದ.

"ಉಂಡೆ ಕಣಪ್ಪ" ಎಂದು ದಿನವೂ ಸುಳ್ಳು ಹೇಳುತ್ತಿದ್ದಳು.

ಮೊದಲ ಗಾಡಿಯನ್ನು ಕೆರೆಯಾಚೆಯ ಸೊಣ್ಣಪ್ಪ ಕೊಂಡ. ಚೆಂಡುಹೂವು ಕಟ್ಟಿ, ಕಾಯಿ ಒಡೆದು ಕಳಿಸಿದರು. ಮಾರನೆಯ ದಿನ ಊಟದ ಹೊತ್ತಿಗೆ ಅವನು ಗಾಡಿ ಸಮೇತ ವಾಪಸು ಬಂದ. ಎತ್ತುಗಳ ಬಾಯಲ್ಲಿ ನೊರೆ. ಚೆಂಡುಹೂವು ಇನ್ನೂ ಬಾಡಿರಲಿಲ್ಲ.

"ಏನ್ ಗಾಡಿ ಮಾಡಿದ್ರಪ್ಪಾ! ಟಾರು ರೋಡ್ನಾಗೆ ರಾಜನ ಥರಾ ಬಂತು. ನಮ್ಮೂರ ದಾರಿಗೆ ಇಳಿಸಿದ್ರೆ ಒಂದು ಗಾಲಿ ಜಾಡಿನಾಗೆ, ಇನ್ನೊಂದು ದಿಬ್ಬದ ಮ್ಯಾಲೆ. ಮೂಡಲ ದಾರಿಗೆ ತಿರುಗಿಸ್ದೆ, ಅಲ್ಲೂ ಹಂಗೇ. ಒಂದು ಕಡೆ ವಾಲ್ತೈತೆ!"

ಊರಿನ ದಾರಿಗಳಲ್ಲಿ ಗಾಲಿಗಳು ಕೊರೆದ ಜಾಡುಗಳು ಮೊಣಕಾಲುದ್ದ ಆಳವಾಗಿದ್ದವು. ಕೆರೆಯಾಚೆ ಮಾವನ ಗಾಡಿಗಳೇ ಕೊರೆದದ್ದು, ಮೂಡಲಿಗೆ ಅಪ್ಪನವು. ಟಾರು ರೋಡು ಯಾರ ಹೊಲದವರೆಗೂ ಹೋಗುತ್ತಿರಲಿಲ್ಲ. ನಡುವಿನ ಅಳತೆಗೆ ಕೊರೆದ ಜಾಡು ಭೂಮಿಯ ಮೇಲೆಲ್ಲೂ ಇರಲಿಲ್ಲ. ಇಬ್ಬರಿಗೂ ಇದು ಗೊತ್ತಿದ್ದದ್ದೇ. ಆದರೆ ಆ ದಿನ ಯಾರ ಕೋಲು ಸೋಲಬಾರದು ಎನ್ನುವುದಷ್ಟೇ ಅವರ ತಲೆಯಲ್ಲಿತ್ತು.

"ಅಚ್ಚು ನಾನು ಮಾಡಿದ್ದಲ್ಲ" ಎಂದರು ಮಾವ, ಗಾಡಿಯನ್ನೇ ನೋಡುತ್ತಾ.

ಅಪ್ಪ ಉಳಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಅಕ್ಕಯಮ್ಮ ತಟ್ಟೆ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದಳು. ಅಪ್ಪ ಚೀಲವನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವನು, ತಿರುಗಿ ಅವಳನ್ನು ನೋಡಿದ. ಚೀಲ ಇಳಿಸಿ ಬಂದು ಕೂತ. ಮುದ್ದೆ ಪೂರ್ತಿ ಉಂಡ. ಸಾರಿಗೆ ಇನ್ನೊಮ್ಮೆ ತಟ್ಟೆ ಚಾಚಿದ.

"ನೀನು ಉಂಡ್ಯಾ?"

"ಇಲ್ಲಪ್ಪ" ಎಂದಳು ಅವಳು, ಮೊದಲ ಬಾರಿಗೆ.

"ಉಣ್ಣು. ನಾನು ಉಣ್ಣೋ ಹೊತ್ತಿಗೆ ನೀನೂ ಉಣ್ಣು" ಎಂದು ತಟ್ಟೆಯನ್ನು ತಾನೇ ತೊಳೆದಿಟ್ಟು, ತನ್ನ ಗಿಡ್ಡ ಕೋಲನ್ನು ಊರಿಕೊಂಡು ಹೊರಟುಹೋದ. ಮೊಮ್ಮಗಳು ಬಾಗಿಲವರೆಗೂ ಮರದ ಎತ್ತು ಹಿಡಿದುಕೊಂಡು ಓಡಿದಳು.

ಕುಂಕುಮದ ಗೆರೆಯ ಕೋಲು ಹಿತ್ತಲಲ್ಲೇ ಉಳಿಯಿತು. ಅಕ್ಕಯಮ್ಮ ಅದರ ಮೇಲೆ ಮಗಳ ಬಟ್ಟೆ ಒಣಹಾಕತೊಡಗಿದಳು.

ಈಗ ಮಧ್ಯಾಹ್ನ ಗಂಡನಿಗೂ ಮಾವನಿಗೂ ಬಡಿಸಿ, ಮಗುವಿಗೆ ಉಣ್ಣಿಸಿ, ಅವಳು ಒಲೆಯ ಮುಂದೆ ಕಾಯುತ್ತಾಳೆ. ಬೀದಿಯ ಆ ತುದಿಯಿಂದ ಎರಡು ಪೆಟ್ಟು, ಒಂದು ಗಳಿಗೆ, ಮತ್ತೆ ಎರಡು. ಆಮೇಲೆ ಸದ್ದು ನಿಲ್ಲುತ್ತದೆ. ಅಪ್ಪ ಕೈ ತೊಳೆಯುವಷ್ಟು ಹೊತ್ತು ಸುಮ್ಮನಿದ್ದು, ಅವಳು ತನ್ನ ತಟ್ಟೆಯನ್ನು ಎಳೆದುಕೊಳ್ಳುತ್ತಾಳೆ.